ಗಾಯ, ಕೀವು, ಜ್ವರ: ಸರ್ಜನ್ ಜೊತೆ ಶುಕ್ರವಾರದ ಪ್ರಶ್ನೋತ್ತರ

ಅಡ್ಮಿನ್ (ಸಂಜೆ 6:00): ಬಸವನಗುಡಿ ಸುತ್ತಮುತ್ತಲಿನ ನಮ್ಮ ಗುಂಪಿನಲ್ಲಿ ಇವತ್ತು 8 ಗಂಟೆವರೆಗೆ ಸರ್ಜನ್ ಒಬ್ಬರು ಇರುತ್ತಾರೆ. ಸಕ್ಕರೆ ಕಾಯಿಲೆಯವರ ಕಾಲು ನೋಡುವುದೇ ಅವರ ದಿನದ ಕೆಲಸ. ಸೋಂಕಿನ ಬಗ್ಗೆ ಏನಿದ್ದರೂ ಕೇಳಿ. ಫಾರ್ವರ್ಡ್ ಮೆಸೇಜ್ ದಯವಿಟ್ಟು ಬೇಡ. ಹೆಸರು ಹಾಕಬೇಡಿ, ಏರಿಯಾ ಹೇಳಿದರೆ ಸಾಕು.

ಕತ್ರಿಗುಪ್ಪೆ: ನಮಸ್ಕಾರ ಡಾಕ್ಟ್ರೇ. ಬಲಗೈ ತೋರುಬೆರಳಿಗೆ ಉಗುರುಸುತ್ತು ಆಗಿದೆ. 3 ದಿನದಿಂದ ನಿಂಬೆಹಣ್ಣು ಸಿಕ್ಕಿಸಿಕೊಂಡಿದ್ದೇನೆ. ರಾತ್ರಿ ನಿದ್ದೆಯೇ ಇಲ್ಲ.

ಡಾಕ್ಟರ್: ನಮಸ್ಕಾರ. ಮೊದಲು ನಿಂಬೆಹಣ್ಣು ತೆಗೆಯಿರಿ. ನಿದ್ದೆ ಕೆಡಿಸುವಷ್ಟು ಮಿಡಿಯುತ್ತಿದ್ದರೆ ಒಳಗೆ ಕೀವು ಕಟ್ಟಿರುತ್ತದೆ. ಕಟ್ಟಿದ ಕೀವಿಗೆ ಮಾತ್ರೆ ಸಾಲದು, ಹೊರಗೆ ಬರಲು ದಾರಿ ಮಾಡಬೇಕು. ಬೆರಳಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡುವ ಸಣ್ಣ ಕೆಲಸ ಅದು. ನಾಳೆ ಬೆಳಿಗ್ಗೆ ತೋರಿಸಿ. ಆದರೆ ಇಡೀ ಬೆರಳು ಊದಿ, ಬಾಗಿಕೊಂಡೇ ಇದ್ದು, ನೇರ ಮಾಡಲು ಹೋದರೆ ಜೀವ ಹೋಗುವಷ್ಟು ನೋವಾದರೆ ಬೆಳಿಗ್ಗೆವರೆಗೆ ಕಾಯಬೇಡಿ.

ಶ್ರೀನಗರ: ಹೋದ ಸಲ ಕೊಟ್ಟ ಆಂಟಿಬಯೋಟಿಕ್ 4 ಮಾತ್ರೆ ಮಿಕ್ಕಿದೆ. ತೊಡೆಯ ಮೇಲೆ ಕುರು ಎದ್ದಿದೆ. ಅದನ್ನೇ ತಗೊಳ್ಳಬಹುದಾ ಸರ್?

ಡಾಕ್ಟರ್: ಬೇಡ. ಆ ಮಾತ್ರೆ ಬೇರೆ ಕಾಯಿಲೆಗೆ ಕೊಟ್ಟದ್ದು. ಈ ಕುರುವಿನ ಕ್ರಿಮಿಗೆ ಅದು ನಾಟದೇ ಇರಬಹುದು. ಸ್ವಲ್ಪ ತಗ್ಗಿದ ಹಾಗೆ ಕಾಣುತ್ತದೆ, ಒಳಗೆ ಬೆಳೆಯುತ್ತಲೇ ಇರುತ್ತದೆ. ತೋರಿಸಿಕೊಳ್ಳಿ.

ಹನುಮಂತನಗರ (6:22): ಡಾಕ್ಟ್ರೇ, ನಮ್ಮ ಮಾವನವರಿಗೆ 68 ವರ್ಷ. ಸಕ್ಕರೆ ಕಾಯಿಲೆ 15 ವರ್ಷದಿಂದ ಇದೆ. ಸೋಮವಾರ ಕಡಲೆಕಾಯಿ ಪರಿಷೆಗೆ ಹೋಗಿದ್ದರು. ಚಪ್ಪಲಿ ಬಿಟ್ಟು ದರ್ಶನಕ್ಕೆ ಹೋದಾಗ ಕಾಲಿಗೆ ಏನೋ ಚುಚ್ಚಿದೆ, ಅವರಿಗೆ ಗೊತ್ತೇ ಆಗಿಲ್ಲ. ಮನೆಗೆ ಬಂದ ಮೇಲೆ ಬಚ್ಚಲಿನಿಂದ ಹಾಲ್‌ವರೆಗೆ ರಕ್ತದ ಹೆಜ್ಜೆ ನೋಡಿ ನಾನೇ ಕಾಲು ಹಿಡಿದು ನೋಡಿದೆ. ಹೆಬ್ಬೆರಳ ಬುಡದಲ್ಲಿ ಅಕ್ಕಿಕಾಳಿನಷ್ಟು ತೂತು. ಅರಿಶಿನ ಮೆತ್ತಿದೆವು. ಬುಧವಾರ ಪಾದ ಊದಿತು. ಇದೇ ಗುಂಪಿನಲ್ಲಿ ಬಂದ ಹಾಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದೆವು. ದಿನಕ್ಕೆರಡು ನೋವಿನ ಮಾತ್ರೆ, ಡೈಕ್ಲೋಫೆನಾಕ್ ಕೊಟ್ಟಿದ್ದೇವೆ. ಇವತ್ತು ಕೆಂಪು ಕಣಕಾಲು ದಾಟಿ ಮೇಲೆ ಬಂದಿದೆ. ಆದರೆ ನಿನ್ನೆವರೆಗೆ ನರಳುತ್ತಿದ್ದವರು ಇವತ್ತು ನೋವಿಲ್ಲ ಎನ್ನುತ್ತಾರೆ. ಜ್ವರವೂ ಇಲ್ಲ. ಮಂಕಾಗಿ ಮಲಗಿದ್ದಾರೆ. ನಾಳೆ ಅಮಾವಾಸ್ಯೆ, ನಾಡಿದ್ದು ಭಾನುವಾರ. ಸೋಮವಾರ ಕರೆದುಕೊಂಡು ಹೋದರೆ ಆಗುತ್ತಾ?

ಡಾಕ್ಟರ್ (6:25): ಆಗುವುದಿಲ್ಲ. ಈಗಲೇ ಹೊರಡಬೇಕು. ಉಳಿದವರು ಸ್ವಲ್ಪ ತಾಳಿ. ಹನುಮಂತನಗರದವರೇ, ಗಡಿಯಾರ ಹಿಡಿದು ಅವರ ಉಸಿರು ಒಂದು ನಿಮಿಷ ಎಣಿಸಿ. ಸಕ್ಕರೆ ನೋಡಿ. ಮೂತ್ರ ಎಷ್ಟು ಸಲ ಹೋದರು ಕೇಳಿ. ಇವತ್ತು ಯಾವ ವಾರ ಅಂತ ಅವರನ್ನೇ ಕೇಳಿ.

ಗಿರಿನಗರ: ಎಕ್ಕದ ಎಲೆ ಮೆಸೇಜ್ ಹಾಕಿದ್ದು ನಾನೇ. ನಮ್ಮಜ್ಜಿ ಊರಲ್ಲಿ ಎಷ್ಟೋ ಜನರ ಕಾಲುಬಾವು ಅದರಿಂದಲೇ ಇಳಿಸಿದ್ದಾರೆ. ಸುಮ್ನೆ ಹೆದರಿಸಬೇಡಿ ಡಾಕ್ಟ್ರೇ.

ಹನುಮಂತನಗರ (6:31): ಉಸಿರು 26. ಸಕ್ಕರೆ 412. ಮೂತ್ರ ಬೆಳಿಗ್ಗೆ ಒಂದೇ ಸಲ. ವಾರ ಕೇಳಿದರೆ "ಸೋಮವಾರ ಅಲ್ವಾ, ಪರಿಷೆಗೆ ಹೊರಡಬೇಕು" ಎಂದರು.

ಡಾಕ್ಟರ್ (6:36): ಅಮ್ಮಾ, 108ಕ್ಕೆ ಫೋನ್ ಮಾಡಿಸುತ್ತಾ ಇದನ್ನು ಓದಿ.

ಇದು ಬರೀ ಕಾಲಿನ ಗಾಯವಾಗಿ ಉಳಿದಿಲ್ಲ. ಉಸಿರು ನಿಮಿಷಕ್ಕೆ 22 ಅಥವಾ ಅದಕ್ಕಿಂತ ಹೆಚ್ಚಾಗುವುದು, ಮಾತು ತಪ್ಪುವುದು, ಬಿಪಿಯ ಮೇಲಿನ ಅಂಕಿ 100 ಅಥವಾ ಅದಕ್ಕಿಂತ ಕೆಳಗೆ ಇಳಿಯುವುದು. ಸೋಂಕು ಇರುವವರಲ್ಲಿ ಈ ಮೂರರಲ್ಲಿ ಎರಡು ಕಂಡರೂ ನಾವು ಓಡುತ್ತೇವೆ. ನಿಮ್ಮ ಮಾವನವರಲ್ಲಿ ಎರಡು ಆಗಲೇ ಇವೆ. ಇದಕ್ಕೆ ಸೆಪ್ಸಿಸ್ ಅನ್ನುತ್ತಾರೆ. ಸೋಂಕಿನ ಮೇಲೆ ಕಾದಾಡಲು ಹೊರಟ ದೇಹ ಹಿಡಿತ ತಪ್ಪಿ ತನ್ನ ಕಿಡ್ನಿ, ಶ್ವಾಸಕೋಶ, ಮಿದುಳಿಗೇ ಪೆಟ್ಟು ಕೊಡಲು ಶುರು ಮಾಡುತ್ತದೆ. ಮೂತ್ರ ಕಡಿಮೆಯಾಗಿರುವುದು ಕಿಡ್ನಿಗೆ ಬಿಸಿ ತಟ್ಟಿರುವ ಗುರುತು. ಆ ನೋವಿನ ಮಾತ್ರೆ ಕಿಡ್ನಿಗೆ ಇನ್ನೂ ಭಾರ. ಜ್ವರ ಕಾಣದಂತೆ ಮುಚ್ಚಿರುವುದೂ ಅದೇ ಇರಬಹುದು. ವಯಸ್ಸಾದವರಿಗೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ.

ನೋವು ಹೋಗಿದೆ ಎಂದಿರಲ್ಲ, ನನಗೆ ಹೆಚ್ಚು ಭಯ ಅದೇ. ಸಕ್ಕರೆಯಿಂದ ಪಾದದ ನರ ಮೊದಲೇ ಮಂಕಾಗಿವೆ. ಚುಚ್ಚಿದ್ದು ಗೊತ್ತಾಗದೆ ಇದ್ದದ್ದು ಅದಕ್ಕೇ. ಅಂಥ ಪಾದದಲ್ಲೂ ನೋವು ಬಂದಿತ್ತು ಎಂದರೆ ಒಳಗೆ ಸೋಂಕು ಬಹಳ ಆಳಕ್ಕೆ ಇಳಿದಿತ್ತು. ಈಗ ಒಮ್ಮೆಲೇ ಇಲ್ಲ ಎಂದರೆ ಅಲ್ಲಿಯ ಮಾಂಸ, ನರ ಸಾಯುತ್ತಿರಬಹುದು. ಚರ್ಮ ಕಪ್ಪಾಗಿದೆಯಾ, ನೀರುಗುಳ್ಳೆ ಎದ್ದಿದೆಯಾ, ಒತ್ತಿದರೆ ಚರಚರ ಅನ್ನುತ್ತದೆಯಾ ನೋಡಿ. ಇದ್ದರೆ ಆಸ್ಪತ್ರೆ ಬಾಗಿಲಲ್ಲೇ ಹೇಳಿ.

ಬಾಲ್ ಪೆನ್ ತಗೊಂಡು ಕೆಂಪು ಎಲ್ಲಿಗೆ ನಿಂತಿದೆಯೋ ಅಲ್ಲಿ ಚರ್ಮದ ಮೇಲೆ ಗೆರೆ ಎಳೆಯಿರಿ. ಪಕ್ಕದಲ್ಲಿ ಟೈಮ್ ಬರೆಯಿರಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಬಾಯಿಗೆ ಏನೂ ಕೊಡಬೇಡಿ, ರಾತ್ರಿಯ ಸಕ್ಕರೆ ಮಾತ್ರೆಯೂ ಬೇಡ. ಇವತ್ತೇ ಆಪರೇಷನ್ ಆಗಬಹುದು. ಮಾತ್ರೆಗಳ ಚೀಲ ಜೊತೆಗೆ ತನ್ನಿ. ಬೀದಿಯ ಕ್ಲಿನಿಕ್ ಬೇಡ. ರಾತ್ರಿ ಸರ್ಜನ್ ಮತ್ತು ಐಸಿಯು ಇರುವ ಕಡೆಗೇ ಹೋಗಿ. ದುಡ್ಡಿನ ಚಿಂತೆ ಇದ್ದರೆ ವಿಕ್ಟೋರಿಯಾ ನಿಮಗೆ ಹತ್ತಿರ, ಎಮರ್ಜೆನ್ಸಿ ರಾತ್ರಿಯಿಡೀ ತೆರೆದಿರುತ್ತದೆ.

ತ್ಯಾಗರಾಜನಗರ: ಇನ್ಶೂರೆನ್ಸ್‌ನಲ್ಲಿ ಇದೆಲ್ಲಾ ಬರುತ್ತಾ? ಯಾರಿಗಾದರೂ ಗೊತ್ತಾ?

ಚಾಮರಾಜಪೇಟೆ: ಗಿರಿನಗರದವರೇ, ನಿಮ್ಮಜ್ಜಿ ಕಾಲದವರಿಗೆ ಸಕ್ಕರೆ ಕಾಯಿಲೆ ಇತ್ತಾ?

ಗಿರಿನಗರ: ಗಿಡಮೂಲಿಕೆ ಅಂದರೆ ನಿಮಗೆಲ್ಲಾ ತಾತ್ಸಾರ. ಆಸ್ಪತ್ರೆಗೆ ಹೋದರೆ ಮೊದಲು ಕಾಲು ತೆಗೆಯುವ ಮಾತೇ ಆಡುತ್ತಾರೆ. ನಮ್ಮ ಭಾವನಿಗೆ ಹಾಗೇ ಆಯಿತು.

ಚಾಮರಾಜಪೇಟೆ: ಎಷ್ಟು ದಿನ ಮನೆಯಲ್ಲಿಟ್ಟುಕೊಂಡು ಆಮೇಲೆ ಕರೆದುಕೊಂಡು ಹೋದಿರಿ, ಅದನ್ನೂ ಹೇಳಿ.

ಗಿರಿನಗರ: ಅದು ನಿಮಗೆ ಬೇಡದ ವಿಷಯ.

ಡಾಕ್ಟರ್: ಗಿರಿನಗರದವರೇ, ಎಕ್ಕದ ಹಾಲು ಚರ್ಮ ಸುಡುತ್ತದೆ. ಬಿಸಿ ಎಲೆಯ ಶಾಖ ಎಷ್ಟಿದೆ ಎಂದು ನರ ಸತ್ತ ಕಾಲಿಗೆ ತಿಳಿಯುವುದಿಲ್ಲ. ಹಾಗೆ ಬೊಬ್ಬೆ ಎದ್ದ ಪಾದಗಳನ್ನು ನಾನು ಈ ಕೈಯಾರೆ ಡ್ರೆಸ್ಸಿಂಗ್ ಮಾಡಿದ್ದೇನೆ. ಕಾಲು ತೆಗೆಯುವುದು ಯಾವ ಸರ್ಜನ್‌ಗೂ ಸಂತೋಷದ ಕೆಲಸವಲ್ಲ. ಮೊದಲೆರಡು ದಿನದಲ್ಲಿ ಬಂದ ಎಷ್ಟೋ ಜನರಿಗೆ ಕೀವು ತೆಗೆದು ತೊಳೆದು ಕಳಿಸಿದ್ದೇವೆ, ಎಲ್ಲಾ ಬೆರಳೂ ಉಳಿದಿವೆ. ಆ ಮೆಸೇಜ್ ಅಳಿಸಿಬಿಡಿ.

ಬನಶಂಕರಿ: ತಂಗಿಗೆ ಹಣೆಯ ಮೇಲೆ ಸರ್ಪಸುತ್ತು. ಕೆಮ್ಮಣ್ಣು ಹಚ್ಚಿಸಿದ್ದೇವೆ. ಹೆಡೆ, ಬಾಲ ಸೇರಿದರೆ ಅಪಾಯ ಅಂತಾರಲ್ಲ?

ಡಾಕ್ಟರ್: ಅದು ಹಾವಿನ ದೋಷವಲ್ಲ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ವೈರಸ್ ನರದೊಳಗೆ ಮಲಗಿದ್ದು ಮತ್ತೆ ಎದ್ದಿರುವುದು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ಹಣೆ ಅಂದಿರಿ. ಮೂಗಿನ ತುದಿಯಲ್ಲಿ ಗುಳ್ಳೆ ಇದ್ದರೆ ಕಣ್ಣಿಗೆ ಬರುವ ಸಾಧ್ಯತೆ ಜಾಸ್ತಿ. ಮಣ್ಣು ತೊಳೆದು ನಾಳೆಯೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಹನುಮಂತನಗರ (6:58): ಯಜಮಾನರು ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟಿದ್ದಾರೆ. ಸಿಲ್ಕ್ ಬೋರ್ಡ್ ಹತ್ತಿರ ನಿಂತಿದ್ದಾರೆ. ಅವರು ಬಂದ ಮೇಲೆ ಹೋಗೋಣ ಅಂತ ಅತ್ತೆ ಹೇಳುತ್ತಿದ್ದಾರೆ.

ಡಾಕ್ಟರ್ (6:59): ಇನ್ನೂ ಹೊರಟಿಲ್ಲವಾ? ಅವರು ನೇರ ಆಸ್ಪತ್ರೆಗೆ ಬರಲಿ. 2006ರ ಒಂದು ಅಧ್ಯಯನದಲ್ಲಿ ಬಿಪಿ ಕುಸಿದ ಮೇಲಿನ ಮೊದಲ 6 ಗಂಟೆ ಲೆಕ್ಕ ಹಾಕಿದ್ದಾರೆ. ಸರಿಯಾದ ಆಂಟಿಬಯೋಟಿಕ್ ಒಂದು ಗಂಟೆ ತಡವಾದರೆ ಬದುಕುವವರ ಸಂಖ್ಯೆ ನೂರಕ್ಕೆ 7-8ರಷ್ಟು ಇಳಿದಿದೆ. ನಿಮ್ಮ ಮಾವನವರ ಬಿಪಿ ಕುಸಿಯುವ ಮೊದಲೇ ಔಷಧಿ ಒಳಗೆ ಹೋಗಬೇಕು. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ಚಾಮರಾಜಪೇಟೆ: ನಮ್ಮ ಮನೆ 4ನೇ ಕ್ರಾಸ್ ಹತ್ತಿರವೇ. ಕಾರಿದೆ. ಅಮ್ಮಾ, ಅಡ್ರೆಸ್ ನನಗೆ ಬೇರೆಯಾಗಿ ಕಳಿಸಿ, 10 ನಿಮಿಷದಲ್ಲಿ ಬರುತ್ತೇನೆ.

ಪದ್ಮನಾಭನಗರ: ಸರ್, ಹಿಂದಿನ ಸಲದ ಆಂಟಿಬಯೋಟಿಕ್ ಮಿಕ್ಕಿದೆ, ಗಂಟಲು ನೋವಿಗೆ ತಗೊಳ್ಳಲಾ?

ಡಾಕ್ಟರ್: ಬೇಡ. ಮೇಲೆ ಓದಿ.

ಶ್ರೀನಗರ: ನನಗೂ ಬೇಡ ಅಂದಿರಿ. ಮೆಡಿಕಲ್‌ನವರೇ ಕೊಡುತ್ತಾರಲ್ಲ ಹಾಗಾದರೆ?

ಡಾಕ್ಟರ್: ಚೀಟಿಯಿಲ್ಲದೆ ಕೊಡುವುದು ತಪ್ಪು.

ಇಟ್ಟಮಡು: 2 ವರ್ಷದ ಮಗು, ಕೆಮ್ಮು, ಜ್ವರ. ಉಸಿರು ಎಣಿಸಿದೆ, 54 ಬಂತು.

ಡಾಕ್ಟರ್: ಈ ವಯಸ್ಸಿಗೆ 40 ದಾಟಿದರೇ ಜಾಸ್ತಿ. ನ್ಯುಮೋನಿಯಾ ಇರಬಹುದು. ಈಗಲೇ ಮಕ್ಕಳ ಆಸ್ಪತ್ರೆಗೆ ಹೋಗಿ. ಎಣಿಸಿದ್ದು ಒಳ್ಳೆಯ ಕೆಲಸ.

ಗಿರಿನಗರ: ಎಲ್ಲದಕ್ಕೂ ಈಗಲೇ ಹೋಗಿ, ಈಗಲೇ ಹೋಗಿ. ಇಲ್ಲಿ ಯಾರೂ ಮನೆಮದ್ದಿನಿಂದ ಬದುಕಿಯೇ ಇಲ್ಲವಾ?

ಬನಶಂಕರಿ: ಅಡ್ಮಿನ್, ಇವರನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಿ.

ಡಾಕ್ಟರ್: ಶೀತ, ಕೆಮ್ಮಿಗೆ ಮೆಣಸಿನ ಕಷಾಯ ನಾನೂ ಕುಡಿಯುತ್ತೇನೆ. ದಿನದಿಂದ ದಿನಕ್ಕೆ ಮೇಲೇರುವ ಕೆಂಪಿಗೆ ಅದು ಮದ್ದಲ್ಲ. ಇದಕ್ಕಿಂತ ಹೆಚ್ಚು ವಾದ ಮಾಡಲು ನನಗೆ ಹೊತ್ತಿಲ್ಲ.

ತ್ಯಾಗರಾಜನಗರ: ಇನ್ಶೂರೆನ್ಸ್ ಬಗ್ಗೆ ಕೇಳಿದ್ದೆ...

ಹನುಮಂತನಗರ (8:14): ಬಂದು ಮುಟ್ಟಿದೆವು. ಚಾಮರಾಜಪೇಟೆಯವರೇ ಎತ್ತಿಕೊಂಡು ಕಾರಿಗೆ ಹಾಕಿದರು. ಬಿಪಿ 86 ಬಂತು. ಡ್ರಿಪ್, ಇಂಜೆಕ್ಷನ್ ಕೂಡಲೇ ಹಾಕಿದರು. ಪೆನ್ನಿನ ಗೆರೆ ನೋಡಿ "ಯಾರು ಹಾಕಿದ್ದು, ಎಷ್ಟು ಹೊತ್ತಿಗೆ" ಅಂತ ಡ್ಯೂಟಿ ಡಾಕ್ಟರ್ ಕೇಳಿದರು. ಕೆಂಪು ಗೆರೆ ದಾಟಿ ಎರಡು ಬೆರಳಗಲ ಮೇಲೆ ಹೋಗಿದೆ. ರಾತ್ರಿಯೇ ಪಾದ ಬಿಡಿಸಿ ಕೀವು ತೆಗೆಯಬೇಕಂತೆ, ಬೆರಳು ಹೋಗಬಹುದಂತೆ. ಅಮಾವಾಸ್ಯೆ ಹಿಂದಿನ ರಾತ್ರಿ ಕತ್ತರಿ ಬೇಡ ಅಂತ ಅತ್ತೆ ಅಳುತ್ತಿದ್ದಾರೆ.

ಡಾಕ್ಟರ್ (8:15): ಸಹಿ ಹಾಕಿ ಅಮ್ಮಾ. ಬೆರಳು ಹೋದರೂ ಕಾಲು ಉಳಿಯಲಿ, ಅವರು ಉಳಿಯಲಿ. ಅತ್ತೆಯವರ ಕೈಗೆ ಫೋನ್ ಕೊಡಿ, ನಾನೇ ಮಾತಾಡುತ್ತೇನೆ.

ಉತ್ತರಹಳ್ಳಿ: ಡಾಕ್ಟ್ರೇ, ಮಿಕ್ಕಿರುವ ಆಂಟಿಬಯೋಟಿಕ್...

ಅಡ್ಮಿನ್: ಸಮಯ ಮುಗಿದಿದೆ. ಡಾಕ್ಟರ್ ಫೋನಿನಲ್ಲಿದ್ದಾರೆ.

ಡಾಕ್ಟರ್ (8:31): ಸಹಿ ಆಯಿತು. ಬೇರೆ ಪ್ರಶ್ನೆ ಇವತ್ತು ನೋಡುವುದಿಲ್ಲ. ಹನುಮಂತನಗರದವರೇ, ಥಿಯೇಟರ್‌ನಿಂದ ಹೊರಗೆ ತಂದ ಮೇಲೆ ಎಷ್ಟು ಹೊತ್ತಾದರೂ ಬರೆಯಿರಿ. ಎದ್ದಿರುತ್ತೇನೆ.