ಸಾರಜನಕ, ಸಸಾರಜನಕ: ಎರಡೂ ಒಂದೇನಾ?

ಪ್ರಶ್ನೆ (ಸೋಮವಾರಪೇಟೆ): ಕಾಫಿ ತೋಟಕ್ಕೂ ಕೊಟ್ಟಿಗೆಗೂ ಸೇರಿಸಿ ಒಂದು ಕೈಪಿಡಿ ತಿದ್ದುತ್ತಿದ್ದೇವೆ. ‘ಯೂರಿಯಾ: ಸಾರಜನಕ 46%’, ‘ಹಿಂಡಿ ಮಿಶ್ರಣ: ಸಸಾರಜನಕ 20%’ ಎಂದಿದೆ. ಎರಡನೆಯದರ ಮೊದಲ ‘ಸ’ ಅಚ್ಚಿನ ತಪ್ಪೆಂದು ಒಬ್ಬರು ಹೊಡೆದುಹಾಕಿದ್ದಾರೆ. ಸರಿಯೇ? ಐಸೊಟೋಪಿಗೆ ಯಾವ ಪದ?

ಉತ್ತರ (ಮಡಿಕೇರಿ): ಆ ‘ಸ’ ವಾಪಸು ಬರಲೇಬೇಕು. ಸಾರಜನಕ ಎಂದರೆ ನೈಟ್ರೋಜನ್. ಸಾರಜನಕದಿಂದ ಕೂಡಿದ್ದು ಸಸಾರಜನಕ, ಅಂದರೆ ಪ್ರೋಟೀನ್. ಪ್ರೋಟೀನಿನ ತೂಕದಲ್ಲಿ ಸಾರಜನಕ ಸುಮಾರು 16% ಮಾತ್ರ. ಹಾಗಾಗಿ 20% ಪ್ರೋಟೀನ್ ಇರುವ ಹಿಂಡಿಯಲ್ಲಿ ಸಾರಜನಕ 3.2%. ಒಂದು ಅಕ್ಷರ ಹೋದರೆ ಲೆಕ್ಕ ಆರು ಪಟ್ಟು ಏರುತ್ತದೆ.

ಪ್ರಯೋಗಾಲಯದವರು ಅಳೆಯುವುದೂ ಪ್ರೋಟೀನನ್ನಲ್ಲ. ಕೆಲ್ಡಾಲ್ ವಿಧಾನದಲ್ಲಿ ಸಾರಜನಕ ಅಳೆದು 6.25ರಿಂದ (100 ÷ 16) ಗುಣಿಸುತ್ತಾರೆ, ಅದಕ್ಕೇ ಅದು ‘ಕಚ್ಚಾ ಪ್ರೋಟೀನ್’. ಹಿಂಡಿಗೆ ಒಂದು ಕೆ.ಜಿ. ಯೂರಿಯಾ ಬೆರೆಸಿದರೂ ಪರೀಕ್ಷೆಯಲ್ಲಿ ಸುಮಾರು 2.9 ಕೆ.ಜಿ. ಪ್ರೋಟೀನ್ ಎಂದೇ ಬರುತ್ತದೆ! ಹಸುವಿನ ಹೊಟ್ಟೆಗೆ ಈ ಗುಣಾಕಾರ ಗೊತ್ತಿಲ್ಲ. ಯೂರಿಯಾ ಹೆಚ್ಚಾದರೆ ಮೆಲುಕು ಚೀಲದಲ್ಲಿ ಅಮೋನಿಯಾ ತುಂಬಿ, ಹೊಟ್ಟೆ ಉಬ್ಬರಿಸಿ, ನಡುಕ ಬಂದು ಸಾಯಲೂಬಹುದು. ನನ್ನ ಕೇಳಿದರೆ ರೈತರ ಕೈಪಿಡಿಯಲ್ಲಿ ಸಸಾರಜನಕವನ್ನೇ ಕೈಬಿಟ್ಟು ಪ್ರೋಟೀನ್ ಎನ್ನುವುದು ಕ್ಷೇಮ.

ಐಸೊಟೋಪಿಗೆ ಸಮಸ್ಥಾನಿ: ಒಂದೇ ಮೂಲವಸ್ತುವಿನ ಪರಮಾಣುಗಳು, ಆವರ್ತಕೋಷ್ಟಕದಲ್ಲಿ ಒಂದೇ ಸ್ಥಾನ, ತೂಕ ಬೇರೆ. ಪ್ರಕೃತಿಯ ಸಾರಜನಕದಲ್ಲಿ 99.6% ಸಾರಜನಕ-14, ಉಳಿದದ್ದು ಸಾರಜನಕ-15. ಎರಡೂ ಸ್ಥಿರ, ವಿಕಿರಣವಿಲ್ಲ.

ಇನ್ನೊಂದು ಉತ್ತರ (ಗೋಣಿಕೊಪ್ಪ): ಅದೇ ಕೈಪಿಡಿಯಲ್ಲಿ ‘ಸುಣ್ಣದ ಜೊತೆ ಯೂರಿಯಾ ಹಾಕಿದರೆ ಸಾರಜನಕ ಹಾರಿಹೋಗುತ್ತದೆ’ ಎಂದಿದ್ದರೆ ಅಮೋನಿಯಾ ಎಂದು ತಿದ್ದಿ. ಸುಣ್ಣದಿಂದ ಮಣ್ಣಿನ ಹುಳಿ ಇಳಿದಿರುವಾಗ ಯೂರಿಯಾವನ್ನು ಮೇಲೆಯೇ ಚೆಲ್ಲಿದರೆ ಹೋಗುವುದು ಅಮೋನಿಯಾ. ಮೂಗಿಗೆ ಹೊಡೆಯುವ ವಾಸನೆಯೇ ಸಾಕ್ಷಿ. ಸುಣ್ಣಕ್ಕೂ ಯೂರಿಯಾಕ್ಕೂ ಕೆಲವು ವಾರ ಅಂತರವಿಟ್ಟು, ಹಸಿ ಮಣ್ಣಿಗೆ ಹಾಕಿ ಮುಚ್ಚಬೇಕು. ನಿಜವಾದ ಸಾರಜನಕ ಅನಿಲ ಹೋಗುವುದು ನೀರು ನಿಂತ ಗದ್ದೆಯಲ್ಲಿ: ಗಾಳಿಯಾಡದ ಕೆಸರಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದಾಗ. ಅದಕ್ಕೆ ವಾಸನೆಯಿಲ್ಲ, ಯಾರಿಗೂ ತಿಳಿಯುವುದೂ ಇಲ್ಲ.

ಬೆಳೆ ಎಷ್ಟು ಗೊಬ್ಬರ ಹೀರಿತೆಂದು ಪತ್ತೆಹಚ್ಚಲು ಸಾರಜನಕ-15 ಬಳಸುವ ವಿಷಯ ಬಂದರೆ ‘ಸಾರಜನಕ-15 ಎಂಬ ಸಮಸ್ಥಾನಿ’ ಎಂದು ಪೂರ್ತಿ ಬರೆಯಿರಿ. ಬರೀ ‘ಸಾರಜನಕ 15’ ಅಂದರೆ ನಮ್ಮ ಕಡೆಯವರು 15-15-15 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ತಲಾ 15%) ಎಂದೇ ಓದುತ್ತಾರೆ.