ಕಾರವಾರದ ಮನೆಯ ಸಾಲವನ್ನು ಕೆನಡಾದಿಂದ ನಿಭಾಯಿಸುವ ಬಗೆ: ಖಾತೆ, ಬಾಡಿಗೆ, ಮುಖ್ತ್ಯಾರ್ ಪತ್ರದ ಕುರಿತು ಸಲಹೆ ಬೇಕಾಗಿದೆ

ಪ್ರಶ್ನೆ: ಕೋಡಿಬಾಗದವರು, ಈಗ ಬ್ರಾಂಪ್ಟನ್

ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ 2018ರಲ್ಲಿ ಬ್ಯಾಂಕಿನಿಂದ ಸಾಲ ಪಡೆದು ಮನೆ ಕಟ್ಟಿಸಿದ್ದೆವು. ಕಳೆದ ವರ್ಷ ಕಾಯಂ ವಾಸದ ಪರವಾನಗಿ ದೊರೆತು, ನಾನು ಮತ್ತು ಪತ್ನಿ ಮಗಳೊಂದಿಗೆ ಕೆನಡಾಕ್ಕೆ ಬಂದು ನೆಲೆಸಿದ್ದೇವೆ. ಮನೆಯೂ ಸಾಲವೂ ನಮ್ಮಿಬ್ಬರ ಹೆಸರಿನಲ್ಲಿವೆ. ಸುಮಾರು 30 ಲಕ್ಷ ರೂಪಾಯಿ ಬಾಕಿಯಿದ್ದು, ಬಡ್ಡಿ ಶೇಕಡಾ 8.5, ತಿಂಗಳ ಕಂತು 30,600 ರೂಪಾಯಿ, ತೀರಲು ಇನ್ನೂ 14 ವರ್ಷ ಬೇಕು. ಮನೆಯನ್ನು ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡುವ ದಂಪತಿಗೆ ತಿಂಗಳಿಗೆ 14,000 ರೂಪಾಯಿ ಬಾಡಿಗೆಗೆ ಕೊಟ್ಟಿದ್ದೇವೆ. ಅವರು ಮನೆಯನ್ನು ಬಹಳ ಚೆನ್ನಾಗಿ ಇಟ್ಟುಕೊಂಡಿದ್ದಾರೆ.

ಸದ್ಯದ ವ್ಯವಸ್ಥೆ ಹೀಗಿದೆ: ಬಾಡಿಗೆ ಶಿರಸಿಯಲ್ಲಿರುವ ಅಪ್ಪಯ್ಯನ ಖಾತೆಗೆ ಜಮಾ ಆಗುತ್ತದೆ, ಕಡಿಮೆ ಬೀಳುವ ಹಣವನ್ನು ನಾನು ಅವರಿಗೆ ಕಳುಹಿಸುತ್ತೇನೆ, ಅವರು ಎರಡನ್ನೂ ಸೇರಿಸಿ ನನ್ನ ಹಳೆಯ ಉಳಿತಾಯ ಖಾತೆಗೆ ಹಾಕುತ್ತಾರೆ, ಅಲ್ಲಿಂದ ಕಂತು ಕಡಿತವಾಗುತ್ತದೆ. ಬ್ಯಾಂಕಿನ ದಾಖಲೆಯಲ್ಲಿ ಇಂದಿಗೂ ನಾವು ಕಾರವಾರದ ನಿವಾಸಿಗಳೇ. ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ. ಶಾಖೆಯವರು ಏನಾದರೂ ಕಾಗದ ಕೇಳಿದರೆ ಅವರು ತೋಟದ ಕೆಲಸ ಬಿಟ್ಟು, ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿಬರಬೇಕು. ಮಳೆಗಾಲದಲ್ಲಿ ಅವರನ್ನು ಆ ದಾರಿಯಲ್ಲಿ ಓಡಾಡಿಸಲು ಮನಸ್ಸು ಒಪ್ಪುವುದಿಲ್ಲ.

ಹಳೆಯ ಖಾತೆಯನ್ನು ಹಾಗೆಯೇ ಮುಂದುವರಿಸಬಹುದೇ? ಇಲ್ಲಿ ಕೂಡಿಟ್ಟ ಹಣದಿಂದ ಸಾಲವನ್ನು ಒಮ್ಮೆಲೇ ತೀರಿಸುವುದು ಒಳ್ಳೆಯದೇ? ಅಪ್ಪಯ್ಯನ ಹೆಸರಿಗೆ ಮುಖ್ತ್ಯಾರ್ ಪತ್ರ ಮಾಡಿಕೊಡುವುದಾದರೆ ಹೇಗೆ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಕುಮಟಾ

ತಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದೇ ತುರ್ತಿನದು. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ, ಉದ್ಯೋಗಕ್ಕೆಂದು ಅಥವಾ ಅನಿರ್ದಿಷ್ಟ ಕಾಲಕ್ಕೆಂದು ದೇಶ ಬಿಟ್ಟವರು ಹೊರಟಂದಿನಿಂದಲೇ ಅನಿವಾಸಿಗಳಾಗುತ್ತಾರೆ. ಆದಾಯ ತೆರಿಗೆಯವರ 182 ದಿನಗಳ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ. ಆದ್ದರಿಂದ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳ ಸಾಮಾನ್ಯ ಖಾತೆಯಾಗಿ ಬದಲಾಯಿಸಲೇಬೇಕು. ಬಾಡಿಗೆಯಂತಹ ಇಲ್ಲಿನ ಆದಾಯ ಅದಕ್ಕೆ ಬರಲಿ. ಕೆನಡಾದಿಂದ ಕಳುಹಿಸುವ ಹಣಕ್ಕೆ ಪ್ರತ್ಯೇಕವಾಗಿ ಒಂದು ಎನ್‌ಆರ್‌ಇ ಖಾತೆ ತೆರೆಯಿರಿ. ಅದರಲ್ಲಿರುವ ಹಣವನ್ನು ಬೇಕೆಂದಾಗ ಅಡೆತಡೆಯಿಲ್ಲದೆ ಮರಳಿ ಒಯ್ಯಬಹುದು. ಎನ್‌ಆರ್‌ಒದಿಂದ ಹೊರಕ್ಕೆ ಕಳುಹಿಸಲು ತೆರಿಗೆಯ ಕಾಗದಪತ್ರಗಳು ಬೇಕು, ಆರ್ಥಿಕ ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಮಿತಿಯೂ ಇದೆ. ಕಂತು ಎರಡರಲ್ಲಿ ಯಾವ ಖಾತೆಯಿಂದಲಾದರೂ ಹೋಗಬಹುದು. ದೇಶ ಬಿಟ್ಟ ಕಾರಣಕ್ಕೆ ಸಾಲ ರದ್ದಾಗುವುದಿಲ್ಲ, ಮನೆಯ ಮೇಲಿನ ಹಕ್ಕೂ ಹೋಗುವುದಿಲ್ಲ. ನಿವಾಸಿಯಾಗಿದ್ದಾಗ ಕೊಂಡ ಆಸ್ತಿಯನ್ನು ಅನಿವಾಸಿಯಾದ ಮೇಲೂ ಇಟ್ಟುಕೊಳ್ಳಲು ಅದೇ ಕಾಯ್ದೆ ಅವಕಾಶ ಕೊಟ್ಟಿದೆ.

ಇಲ್ಲಿ ಹಲವರಿಗೆ ತೊಡಕಾಗುವ ಒಂದು ಸಂಗತಿಯನ್ನು ಬಿಡಿಸಿ ಹೇಳುತ್ತೇನೆ. ಕೆಲವು ಬ್ಯಾಂಕುಗಳಲ್ಲಿ ಖಾತೆ ಎನ್‌ಆರ್‌ಒ ಆದಾಗ ಖಾತೆ ಸಂಖ್ಯೆಯೇ ಬದಲಾಗುತ್ತದೆ. ಆಗ ಕಂತು ಕಡಿತಕ್ಕೆಂದು ತಾವು ಹಿಂದೆ ಸಹಿ ಮಾಡಿಕೊಟ್ಟ ನ್ಯಾಚ್ ಆದೇಶ ಹಳೆಯ ಸಂಖ್ಯೆಗೇ ಅಂಟಿಕೊಂಡಿರುತ್ತದೆ. ಖಾತೆಯಲ್ಲಿ ಹಣವಿದ್ದರೂ ಕಂತು ಬೌನ್ಸ್ ಆಗಿ ದಂಡ ಬೀಳುತ್ತದೆ, ಸಿಬಿಲ್ ದಾಖಲೆಯೂ ಕೆಡುತ್ತದೆ. ಆದ್ದರಿಂದ ಬದಲಾವಣೆಯ ಅರ್ಜಿಯ ಜೊತೆಗೇ ಹೊಸ ಆದೇಶವನ್ನೂ ಕೊಟ್ಟು, ಹೊಸ ಖಾತೆಯಿಂದ ಮೊದಲ ಕಂತು ಕಡಿತವಾದದ್ದನ್ನು ಕಣ್ಣಾರೆ ನೋಡುವವರೆಗೆ ಎರಡು ಕಂತಿನಷ್ಟು ಹಣ ತೆಗೆದಿರಿಸಿಕೊಳ್ಳಿ. ಸಾಲದ ಖಾತೆಯಲ್ಲಿಯೂ ಕೆನಡಾದ ವಿಳಾಸ, ಮಿಂಚಂಚೆ, ಫೋನ್ ಸಂಖ್ಯೆ ದಾಖಲಾಗಲಿ. ಕಂತು 90 ದಿನಕ್ಕಿಂತ ಹೆಚ್ಚು ಕಾಲ ಬಾಕಿ ಉಳಿದರೆ ಸಾಲ ಅನುತ್ಪಾದಕವೆಂದು ವರ್ಗವಾಗುತ್ತದೆ, ಆಮೇಲೆ, ಅಡವಿಟ್ಟ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಹೊರಡುತ್ತದೆ. ವಿಳಾಸ ಬದಲಾಗದಿದ್ದರೆ ಆ ನೋಟಿಸು ಕೋಡಿಬಾಗದ ಬಾಡಿಗೆದಾರರ ಕೈ ಸೇರುತ್ತದೆ, ತಮಗೆ ಸುದ್ದಿ ಮುಟ್ಟುವಾಗ ಅರ್ಧ ಅವಧಿ ಕಳೆದಿರುತ್ತದೆ.

ಸಾಲ ತೀರಿಸುವ ಬಗ್ಗೆ: ವ್ಯಕ್ತಿಗಳು ಚರ ಬಡ್ಡಿಯಲ್ಲಿ ಪಡೆದ ಗೃಹಸಾಲಕ್ಕೆ ಅವಧಿಪೂರ್ವ ಪಾವತಿಯ ಶುಲ್ಕವಿಲ್ಲ. ಆದರೂ ಹೊಸ ದೇಶದಲ್ಲಿ ಕಾಲೂರುತ್ತಿರುವಾಗ ಇದ್ದಬದ್ದ ಹಣವನ್ನೆಲ್ಲ ಇಲ್ಲಿಗೆ ಸುರಿಯುವುದು ನನಗೆ ಸರಿಕಾಣುವುದಿಲ್ಲ. ಅದಕ್ಕಿಂತ ಮೊದಲು ಬಡ್ಡಿಯ ದರವನ್ನು ವಿಚಾರಿಸಿ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಚರ ಬಡ್ಡಿಯ ಗೃಹಸಾಲಗಳು ರೆಪೋದಂತಹ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಬಾಹ್ಯ ದರಕ್ಕೆ ಜೋಡಣೆಯಾಗಿವೆ; ತಮ್ಮದು 2018ರ ಸಾಲವಾದ್ದರಿಂದ ಬಹುಶಃ ಬ್ಯಾಂಕು ತನ್ನ ಹಣದ ವೆಚ್ಚ ನೋಡಿ ದರ ನಿಗದಿಸುವ ಹಳೆಯ ಎಂಸಿಎಲ್‌ಆರ್ ಪದ್ಧತಿಯಲ್ಲಿಯೇ ಉಳಿದಿದೆ. ರಿಸರ್ವ್ ಬ್ಯಾಂಕ್ 2025ರ ಒಂದೇ ವರ್ಷದಲ್ಲಿ ರೆಪೋ ದರವನ್ನು ಶೇಕಡಾ 6.5ರಿಂದ 5.25ಕ್ಕೆ ಇಳಿಸಿತು, ಹಳೆಯ ಪದ್ಧತಿಯ ಸಾಲಗಾರರಿಗೆ ಆ ಇಳಿಕೆ ನಿಧಾನವಾಗಿ ತಲುಪುತ್ತದೆ. ಅಲ್ಪ ಶುಲ್ಕ ತೆತ್ತು ಹೊಸ ಪದ್ಧತಿಗೆ ಬದಲಾಗಲು ಕೇಳಿ. ಬಡ್ಡಿ 7.75ಕ್ಕೆ ಇಳಿದು ಕಂತು 30,600ರಲ್ಲಿಯೇ ಉಳಿದರೆ, 168 ಕಂತುಗಳು ಸುಮಾರು 156 ಆಗುತ್ತವೆ. ಒಂದು ವರ್ಷದ ಕಂತು, ಅಂದರೆ 3 ಲಕ್ಷ 67 ಸಾವಿರ ರೂಪಾಯಿ, ಒಂದು ಅರ್ಜಿಯಿಂದ ಉಳಿಯುತ್ತದೆ.

ಉತ್ತರ: ಶಿರಸಿ ಸೀಮೆಯವಳು, ಕ್ಯಾಲ್ಗರಿ

ಕುಮಟಾದ ಹಿರಿಯರು ಖಾತೆಯ ವಿಚಾರವನ್ನು ವಿವರವಾಗಿ ಹೇಳಿದ್ದಾರೆ. ನಾನು ಇಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವುದರಿಂದ ತೆರಿಗೆಯ ಭಾಗವನ್ನು ಸೇರಿಸುತ್ತೇನೆ.

ಬಾಡಿಗೆ ಅಪ್ಪಯ್ಯನ ಖಾತೆಗೆ ಹೋದರೂ ಕಾನೂನಿನ ದೃಷ್ಟಿಯಲ್ಲಿ ಅದು ಮನೆಯ ಒಡೆಯರಾದ ನಿಮ್ಮ ಆದಾಯವೇ. ಅನಿವಾಸಿಗೆ ಬಾಡಿಗೆ ಕೊಡುವವರು, ಮೊತ್ತ ಎಷ್ಟೇ ಸಣ್ಣದಿರಲಿ, ಸೆಸ್ ಸೇರಿ ಶೇಕಡಾ 31.2ರಷ್ಟು ಟಿಡಿಎಸ್ ಕಡಿದು ಸರ್ಕಾರಕ್ಕೆ ಕಟ್ಟಬೇಕು. 14,000ಕ್ಕೆ ಅದು 4,368 ರೂಪಾಯಿ. ಬಾಡಿಗೆದಾರರಿಗೆ ಈ ನಿಯಮ ತಿಳಿದಿರುವುದು ಅಪರೂಪ, ಆದರೆ ತಪ್ಪಿದರೆ ಹೊಣೆ ಅವರ ತಲೆಗೆ ಬರುತ್ತದೆ. ಮನೆಯನ್ನು ಅಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿರುವವರಿಗೆ ನೀವೇ ಮುಂದಾಗಿ ತಿಳಿಸಿ, ಟ್ಯಾನ್ (ತೆರಿಗೆ ಕಡಿಯುವವರು ಪಡೆಯಬೇಕಾದ ಸಂಖ್ಯೆ) ಪಡೆಯುವುದಕ್ಕೂ ತ್ರೈಮಾಸಿಕ ವಿವರ ಸಲ್ಲಿಸುವುದಕ್ಕೂ ನಿಮ್ಮ ಖರ್ಚಿನಲ್ಲಿಯೇ ಒಬ್ಬ ತೆರಿಗೆ ಸಲಹೆಗಾರರನ್ನು ಗೊತ್ತುಮಾಡಿಕೊಡಿ.

ಹೀಗೆ ಕಡಿದ ಹಣ ನಷ್ಟವೇನಲ್ಲ. ವರ್ಷದ ಬಾಡಿಗೆ 1,68,000 ಆಯಿತು. ನಗರಸಭೆಯ ಆಸ್ತಿ ತೆರಿಗೆ ಆರು ಸಾವಿರ ಎಂದಿಟ್ಟುಕೊಂಡು ಕಳೆದರೆ 1,62,000. ಅದರಲ್ಲಿ ಶೇಕಡಾ 30ನ್ನು ನಿರ್ವಹಣೆಯ ಬಾಬ್ತು ಕಾನೂನೇ ಬಿಟ್ಟುಕೊಡುತ್ತದೆ, ಉಳಿಯುವುದು 1,13,400. ನೀವು ವರ್ಷಕ್ಕೆ ಕಟ್ಟುವ ಬಡ್ಡಿಯೇ ಸುಮಾರು ಎರಡೂವರೆ ಲಕ್ಷ. ಆದ್ದರಿಂದ ಮನೆಯಿಂದ ತೆರಿಗೆಗೆ ಒಳಪಡುವ ಆದಾಯ ಉಳಿಯುವುದೇ ಇಲ್ಲ, ರಿಟರ್ನ್ ಸಲ್ಲಿಸಿದರೆ ಕಡಿದದ್ದು ಮರಳಿ ಬರುತ್ತದೆ. ವರ್ಷ ವರ್ಷವೂ ಕಾಯುವುದು ಬೇಡವೆಂದಾದರೆ ಕಡಿಮೆ ದರದ ಕಡಿತಕ್ಕೆ ಪ್ರಮಾಣಪತ್ರ ಕೋರಿ ಇಲಾಖೆಗೆ ಮೊದಲೇ ಅರ್ಜಿ ಹಾಕಬಹುದು.

ಕೆನಡಾದ ಕಡೆಯಿಂದ ನೋಡಿದರೆ, ಇಲ್ಲಿನ ನಿವಾಸಿಯು ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದ್ದನ್ನೂ ಘೋಷಿಸಬೇಕು. ಇಲ್ಲಿ ಶೇಕಡಾ 30ರ ರಿಯಾಯಿತಿ ಇಲ್ಲ. ನಿಜವಾಗಿ ಮಾಡಿದ ದುರಸ್ತಿ, ಕಟ್ಟಿದ ತೆರಿಗೆ, ಸಾಲದ ಬಡ್ಡಿ ಕಳೆಯಬಹುದು, ಅಸಲನ್ನು ಕಳೆಯುವಂತಿಲ್ಲ. ಬಾಡಿಗೆಗೆ ಕೊಟ್ಟ ಮನೆಯಂತಹ ವಿದೇಶಿ ಆಸ್ತಿಗಳ ಒಟ್ಟು ವೆಚ್ಚದ ಬೆಲೆ ಒಂದು ಲಕ್ಷ ಕೆನಡಾ ಡಾಲರ್ ಮೀರಿದರೆ ಅವನ್ನು ಘೋಷಿಸುವ ಟಿ1135 ನಮೂನೆ ತುಂಬಬೇಕು. ನಿವಾಸಿಯಾದ ಮೊದಲ ವರ್ಷಕ್ಕೆ ಅದರಿಂದ ವಿನಾಯಿತಿಯಿದೆ. ಮನೆಯ ಬೆಲೆಯಿಂದ ಸಾಲವನ್ನು ಕಳೆದು ಲೆಕ್ಕ ಹಾಕುವಂತಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಇನ್ನೊಂದು ಕೆಲಸವನ್ನು ಈ ವರ್ಷವೇ ಮಾಡಿಸಿ. ನೀವು ಕೆನಡಾದ ನಿವಾಸಿಯಾದ ದಿನ ಮಾರುಕಟ್ಟೆಯಲ್ಲಿ ಆ ಮನೆಗಿದ್ದ ಬೆಲೆಗೆ ಅದನ್ನು ಕೊಂಡಿರಿ ಎಂದು ಇಲ್ಲಿನ ಕಾನೂನು ಭಾವಿಸುತ್ತದೆ. ಮುಂದೆ ಮಾರಿದಾಗ ಕೆನಡಾದಲ್ಲಿ ಆ ದಿನದಿಂದಾಚೆಗಿನ ಲಾಭಕ್ಕೆ ಮಾತ್ರ ತೆರಿಗೆ. ಆದ್ದರಿಂದ ನೋಂದಾಯಿತ ಮೌಲ್ಯಮಾಪಕರಿಂದ ಆ ದಿನಾಂಕಕ್ಕೆ ಅನ್ವಯಿಸುವ ವರದಿ ಬರೆಸಿಟ್ಟುಕೊಳ್ಳಿ. ಹತ್ತು ವರ್ಷದ ನಂತರ ಹಳೆಯ ಬೆಲೆ ಹುಡುಕುವುದು ಬಹಳ ಕಷ್ಟ.

ಉತ್ತರ: ಹೊನ್ನಾವರದ ಓದುಗ

ಮೇಲಿನ ಇಬ್ಬರೂ ಮನೆ ಉಳಿಸಿಕೊಳ್ಳುವುದೆಂದು ಹಿಡಿದೇ ಮಾತಾಡಿದ್ದಾರೆ. ಮಾರುವ ವಿಚಾರವನ್ನೂ ಮನಸ್ಸಿಗೆ ತಂದುಕೊಳ್ಳಿ ಎಂಬುದು ನನ್ನ ಪ್ರಾರ್ಥನೆ. ಬಾಡಿಗೆಗೂ ಕಂತಿಗೂ ನಡುವೆ ತಿಂಗಳಿಗೆ 16,600 ರೂಪಾಯಿ ಕೊರತೆಯಿದೆ, ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಎರಡು ಲಕ್ಷ. ಇದು ಬಾಡಿಗೆದಾರರು ಇರುವಾಗಿನ ಮಾತು. ಅವರಿಗೆ ವರ್ಗವಾಗಿ ಮನೆ ಒಂದು ಮಳೆಗಾಲ ಬೀಗ ಹಾಕಿಕೊಂಡು ಕೂತಿತೆಂದರೆ, ಕರಾವಳಿಯಲ್ಲಿ ಅದರ ಸ್ಥಿತಿ ಏನಾಗುತ್ತದೆಂದು ನಮ್ಮ ನೆರೆಮನೆಯನ್ನೇ ನೋಡಿ ಬಲ್ಲೆ. ಜೂನ್‌ನಲ್ಲಿ ಮುಚ್ಚಿದ ಬಾಗಿಲು ಸೆಪ್ಟೆಂಬರಿನಲ್ಲಿ ಉಬ್ಬಿಕೊಂಡು ತೆಗೆಯಲು ಬರಲಿಲ್ಲ. ಒಳಗೆ ಗೋಡೆಯ ಮೇಲೆಲ್ಲ ಬೂಷ್ಟು, ಅಡುಗೆಮನೆಯ ಕಪಾಟಿಗೆ ಗೆದ್ದಲು, ಉಪ್ಪುಗಾಳಿಗೆ ಕಿಟಕಿಯ ಸರಳುಗಳೆಲ್ಲ ತುಕ್ಕು. ಮನೆ ಖಾಲಿಯಿದ್ದರೂ ಕಂತು ನಿಲ್ಲುವುದಿಲ್ಲ. ವಿಮೆ ಇದ್ದರೆ ಅದರ ಷರತ್ತನ್ನೂ ಓದಿಕೊಳ್ಳಿ: ಮನೆ 30 ದಿನಕ್ಕಿಂತ ಹೆಚ್ಚು ಕಾಲ ಖಾಲಿ ಬಿದ್ದರೆ ಕಂಪನಿಗೆ ತಿಳಿಸಬೇಕೆಂದು ಹಲವು ಪಾಲಿಸಿಗಳಲ್ಲಿ ಬರೆದಿರುತ್ತದೆ.

ಉತ್ತರ: ಶಿರಸಿ ಸೀಮೆಯವಳು, ಕ್ಯಾಲ್ಗರಿ

ಹೊನ್ನಾವರದವರ ಮಾತು ಸರಿ, ಆದರೆ ಮಾರುವ ಮೊದಲು ಇದನ್ನು ತಿಳಿದಿರಬೇಕು. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಶೇಕಡಾ 12.5ರ ತೆರಿಗೆ ಬಂದಿದೆ. ಅದಕ್ಕೂ ಮೊದಲು ಕೊಂಡ ಆಸ್ತಿಗೆ, ಹಣದುಬ್ಬರದ ಸೂಚ್ಯಂಕ ಹಿಡಿದು ಶೇಕಡಾ 20ರ ಲೆಕ್ಕವನ್ನು ಆರಿಸಿಕೊಳ್ಳುವ ಅವಕಾಶ ನಿವಾಸಿಗಳಿಗೆ ಉಂಟು, ಅನಿವಾಸಿಗಳಿಗೆ ಇಲ್ಲ. ಕಡಿಮೆ ದರದ ಪ್ರಮಾಣಪತ್ರ ಪಡೆಯದಿದ್ದರೆ ಕೊಳ್ಳುವವರು ಸಾಮಾನ್ಯವಾಗಿ ಪೂರ್ತಿ ಬೆಲೆಯ ಮೇಲೆಯೇ ತೆರಿಗೆ ಕಡಿಯುತ್ತಾರೆ. ಸಾಲ ತೀರಿಸಲು ಬೇಕಾದ ಹಣವೇ ಅಲ್ಲಿ ಸಿಕ್ಕಿಕೊಳ್ಳಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಸದ್ಯಕ್ಕೆ ಮಾರುವುದಿಲ್ಲ, ಆಯಿಗೆ ಆ ಮನೆಯ ಮೇಲೆ ಬಹಳ ಪ್ರೀತಿ, ನಮಗೂ ಮರಳುವ ದಾರಿಯೊಂದು ಇರಲಿ ಎಂಬ ಆಸೆಯಿದೆ. ಖಾತೆಯ ಅರ್ಜಿಯನ್ನು ಈ ವಾರವೇ ಕಳುಹಿಸುತ್ತೇವೆ. ಚಿಕ್ಕಪ್ಪನ ಮಗ ಕಾರವಾರದ ಹಬ್ಬುವಾಡದಲ್ಲಿಯೇ ಇದ್ದಾನೆ. ಮುಖ್ತ್ಯಾರ್ ಪತ್ರವನ್ನು ಅಪ್ಪಯ್ಯನ ಬದಲು ಅವನ ಹೆಸರಿಗೆ ಮಾಡಿದರೆ ಅಪ್ಪಯ್ಯನ ಓಡಾಟ ತಪ್ಪೀತೇ?

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಕುಮಟಾ

ಇಬ್ಬರ ಹೆಸರಿಗೂ ಮಾಡಿ. ಒಬ್ಬರೇ ಸಹಿ ಮಾಡಿದರೂ ಸಾಕೆಂದು ಬರೆಸಿ. ಬ್ಯಾಂಕಿನೊಡನೆ ವ್ಯವಹರಿಸುವುದು, ಬಾಡಿಗೆ ಕರಾರು, ನಗರಸಭೆಯ ತೆರಿಗೆ, ಹೆಸ್ಕಾಂ ಬಿಲ್ಲು, ದುರಸ್ತಿ, ಇವಿಷ್ಟನ್ನು ಹೆಸರಿಸಿ, ಮಾರುವ ಅಥವಾ ಮತ್ತೆ ಅಡವಿಡುವ ಅಧಿಕಾರ ಇಲ್ಲವೆಂದು ಸ್ಪಷ್ಟವಾಗಿ ಕಾಣಿಸಿ. ಸಾಲ ಜಂಟಿಯಾದ್ದರಿಂದ ತಾವೂ ಪತ್ನಿಯೂ ಇಬ್ಬರೂ ಸಹಿ ಮಾಡಬೇಕು. ಹಲವು ಬ್ಯಾಂಕುಗಳು ತಮ್ಮದೇ ನಮೂನೆಯನ್ನು ಬಯಸುತ್ತವೆ, ಅದನ್ನು ಮೊದಲು ತರಿಸಿಕೊಳ್ಳಿ.

ಕೆನಡಾ 2024ರ ಜನವರಿ 11ರಿಂದ ಅಪೋಸ್ಟಿಲ್ (ಒಂದು ದೇಶದ ದಾಖಲೆಗೆ ಇನ್ನೊಂದು ದೇಶದಲ್ಲಿ ಮಾನ್ಯತೆ ಕೊಡುವ ದೃಢೀಕರಣ) ಒಪ್ಪಂದದಲ್ಲಿ ಸೇರಿದೆ. ನೋಟರಿಯ ಮುಂದೆ ಸಹಿ ಮಾಡಿ ಒಂಟಾರಿಯೊ ಸರ್ಕಾರದಿಂದ ಅಪೋಸ್ಟಿಲ್ ಪಡೆಯಬಹುದು, ಇಲ್ಲವೇ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಬಹುದು. ಎರಡರಲ್ಲಿ ಯಾವುದನ್ನು ಒಪ್ಪುತ್ತಾರೆಂದು ಶಾಖೆಯಲ್ಲಿ ಕೇಳಿಕೊಳ್ಳಿ. ಪತ್ರ ಕರ್ನಾಟಕಕ್ಕೆ ಬಂದು ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಈ ಗಡುವನ್ನು ತಮ್ಮನಿಗೆ ಮೊದಲೇ ಹೇಳಿಡಿ.

ಮುಂದೆ ಸಾಲ ತೀರಿದ ದಿನಕ್ಕೂ ಈ ಪತ್ರ ಉಪಯೋಗಕ್ಕೆ ಬರುವಂತೆ, ಮೂಲ ಕಾಗದಪತ್ರಗಳನ್ನು ಪಡೆಯುವ ಅಧಿಕಾರವನ್ನೂ ಅದರಲ್ಲಿ ಸೇರಿಸಿ. ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಆದೇಶದಂತೆ ಪೂರ್ಣ ಪಾವತಿಯ 30 ದಿನಗಳೊಳಗೆ ಅವನ್ನು ಮರಳಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಕಾಗದ ಕೈಗೆ ಬಂದ ಮೇಲೆ ಅಡಮಾನದ ಬಿಡುಗಡೆಯನ್ನು ಉಪನೋಂದಣಿ ಕಚೇರಿಯಲ್ಲಿ ದಾಖಲಿಸಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಹೊಸ ಇಸಿ (ಋಣಭಾರ ಪ್ರಮಾಣಪತ್ರ) ತೆಗೆದು ಸಾಲದ ನಮೂದು ತೆರವಾಗಿದೆಯೇ ಎಂದು ಪರಿಶೀಲಿಸಲು ತಮ್ಮನಿಗೆ ಹೇಳಿ.