ಹಳೆಯ ಮಿಲಿಟರಿ ಜೀಪಿನ ಆಯಿಲ್ ಸೋರಿಕೆ: ಎಂಜಿನ್ ಇಳಿಸಲೇಬೇಕಾ?

ಕೇಳಿದವರು, ಮಾದಾಪುರದ ಹತ್ತಿರ

ನಮ್ಮ ಮನೆಯಲ್ಲಿ ತಾತನ ಕಾಲದ ವಿಲ್ಲೀಸ್ ಜೀಪ್ ಇದೆ. ಯುದ್ಧಕಾಲದ ಎಂಬಿ ಮಾಡೆಲ್, 1944ರದು. ಮಿಲಿಟರಿ ಹರಾಜಿನಲ್ಲಿ ತಂದದ್ದಂತೆ. ಓಡುತ್ತದೆ, ಗುಡ್ಡವೂ ಹತ್ತುತ್ತದೆ. ಆದರೆ ನಿಲ್ಲಿಸಿದಲ್ಲೆಲ್ಲ ಆಯಿಲ್. ಈ ಮಳೆಗಾಲ ಮೂರು ತಿಂಗಳು ಶೆಡ್ಡಿನಲ್ಲೇ ಇತ್ತು, ಹೊರಗೆ ತೆಗೆದ ಮೇಲೆ ಇನ್ನೂ ಜಾಸ್ತಿ ಆಗಿದೆ. ಶೆಡ್ ಇರುವುದು ಕಾಫಿ ಕಣದ ಪಕ್ಕ. ಕುಯ್ಲು ಶುರುವಾಗುವ ಮೊದಲು ಸರಿ ಮಾಡು, ಇಲ್ಲಾಂದ್ರೆ ಗೇಟಿನ ಹೊರಗೆ ನಿಲ್ಲಿಸು ಅಂತ ಅಪ್ಪ ಹೇಳಿಬಿಟ್ಟಿದ್ದಾರೆ. ಒಬ್ಬ ಮೆಕ್ಯಾನಿಕ್ ಅಡಿಗೆ ಬಗ್ಗಿ ನೋಡಿ, "ಕ್ರ್ಯಾಂಕ್ ಹಿಂದಿನ ಸೀಲ್ ಹೋಗಿದೆ, ಎಂಜಿನ್ ಇಳಿಸಬೇಕು" ಅಂದರು. ಎಂಜಿನ್ನಿನ ಮುಖ್ಯ ಶಾಫ್ಟಿನ ಹಿಂದೆ ಆಯಿಲ್ ತಡೆಯುವ ಸೀಲ್ ಅದು. ಬೆಲ್ ಹೌಸಿಂಗ್ (ಎಂಜಿನ್ ಹಿಂದೆ ಕ್ಲಚ್ ಮುಚ್ಚಿರುವ ಗೂಡು) ಕೆಳಗಿನ ತೂತಿನಿಂದ ತೊಟ್ಟಿಕ್ಕುವುದು ನಿಜ. ಹಿಂದಿನ ಬಲಗಡೆ ಚಕ್ರದ ಒಳಗೂ ಒದ್ದೆ ಇದೆ. ಗೊತ್ತಿದ್ದವರು ಹೇಳಿ, ಎಲ್ಲಿಂದ ಶುರು ಮಾಡಲಿ?

ವಿರಾಜಪೇಟೆ ಕಡೆಯ ತೋಟದವರು

ಎಂಜಿನ್ ಮುಟ್ಟಬೇಡಿ. ನಾನು ಮುಟ್ಟಿ ಕೆಟ್ಟವನು, ಅದಕ್ಕೇ ಹೇಳ್ತಿದ್ದೇನೆ.

ನನಗೂ ಇದೇ ಮಾತು ಹೇಳಿದ್ದರು. ಎಂಜಿನ್ ಇಳಿಸಿ, ಹಿಂದಿನ ಸೀಲ್ ಹೊಸದು ಹಾಕಿಸಿ, ಎಲ್ಲ ಜೋಡಿಸಿ ತಂದೆ. ಎರಡೇ ದಿನಕ್ಕೆ ಅದೇ ಜಾಗದಲ್ಲಿ ಅದೇ ತೊಟ್ಟು. ಕೊನೆಗೆ ನೋಡಿದರೆ ಸೋರುತ್ತಿದ್ದದ್ದು ವಾಲ್ವ್ ಚೇಂಬರಿನ ಕವರ್. ಈ ಎಂಜಿನ್‌ನಲ್ಲಿ ವಾಲ್ವ್‌ಗಳು ಮೇಲೆ ಹೆಡ್ಡಿನಲ್ಲಿಲ್ಲ, ಬ್ಲಾಕಿನ ಪಕ್ಕದಲ್ಲಿವೆ. ಅವುಗಳ ಕವರ್ ಮ್ಯಾನಿಫೋಲ್ಡಿನ (ಎಂಜಿನ್‌ಗೆ ಗಾಳಿ ಬರುವ, ಹೊಗೆ ಹೋಗುವ ಪೈಪುಗಳ) ಅಡಿಯಲ್ಲಿ ಅಡಗಿ ಕೂತಿರುತ್ತದೆ. ಕೈ ಹೋಗುವುದೇ ಕಷ್ಟ, ಕಣ್ಣು ಹೋಗುವುದು ಇನ್ನೂ ಕಷ್ಟ. ಅಲ್ಲಿನ ಕಾರ್ಕ್ ಪ್ಯಾಕಿಂಗ್ ಒಣಗಿ ಹಿಂದಿನ ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಆಯಿಲ್ ಬ್ಲಾಕಿನ ಮೈಯಲ್ಲೇ ಹಿಂದಕ್ಕೆ ಹರಿದು, ಬೆಲ್ ಹೌಸಿಂಗ್ ಹತ್ತಿರ ಬಂದು ಬೀಳುತ್ತಿತ್ತು. ಒಂದು ಪ್ಯಾಕಿಂಗ್‌ಗಾಗಿ ಇಡೀ ಎಂಜಿನ್ ಇಳಿಸಿದ್ದೆ!

ನೀವು ಮೊದಲು ತೊಳೆಯಿರಿ. ಎಂಜಿನ್ ತಣ್ಣಗಿರುವಾಗ ಡೀಸೆಲ್ ಮತ್ತು ಬ್ರಷ್ ಹಿಡಿದು, ಮೇಲಿನಿಂದ ಕೆಳಗೆ, ಹಳೇ ಮಣ್ಣು ಜಿಡ್ಡು ಎಲ್ಲ ಹೋಗುವವರೆಗೆ. ಆಮೇಲೆ ಸೋಪು ನೀರು. ಒಂದು ದಿನ ಪೂರ್ತಿ ಒಣಗಲಿ. ಅನುಮಾನ ಇರುವ ಕಡೆಯೆಲ್ಲ ಮಗುವಿಗೆ ಹಾಕುವ ಪೌಡರ್ ಉದುರಿಸಿ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ, ಟಾರ್ಚ್ ಹಿಡಿದು ನೋಡಿ. ಏನೂ ಕಾಣದಿದ್ದರೆ ಎರಡು ಮೈಲಿ ಹೋಗಿ ಬನ್ನಿ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ತೊಟ್ಟು ಬೀಳುವ ಜಾಗ ಬಿಡಿ, ಒದ್ದೆ ಆಗಿರುವುದರಲ್ಲಿ ಎಲ್ಲಕ್ಕಿಂತ ಮೇಲಿನ, ಮುಂದಿನ ಜಾಗ ಯಾವುದು ಅಂತ ಹುಡುಕಿ. ಫ್ಯುಯೆಲ್ ಪಂಪ್, ಆಯಿಲ್ ಪಂಪ್ ಕೂರುವ ಜಾಗ, ಆಯಿಲ್ ಫಿಲ್ಟರ್‌ನ ಪೈಪುಗಳು, ಇವನ್ನೂ ಬಿಡಬೇಡಿ.

ಸೋಮವಾರಪೇಟೆಯಿಂದ, ಸೇನೆಯ ವರ್ಕ್‌ಶಾಪಿನಿಂದ ನಿವೃತ್ತ

ತಮ್ಮ, ಎಂಜಿನ್ ವಿಷಯ ಆಮೇಲೆ. ಚಕ್ರದ ಒಳಗೆ ಒದ್ದೆ ಅಂದೆಯಲ್ಲ, ಅದನ್ನು ನೋಡುವವರೆಗೆ ಜೀಪ್ ರಸ್ತೆಗೆ ಇಳಿಸಬೇಡ. ನಮ್ಮ ಇಳಿಜಾರಿನಲ್ಲಿ ಬ್ರೇಕ್ ಲೈನರ್ ನೆಂದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಡ್ರಮ್ ಬಿಚ್ಚು. ಒದ್ದೆಯನ್ನು ಬೆರಳಲ್ಲಿ ತೆಗೆದುಕೊಂಡು ಮೂಸು. ಗೇರ್ ಆಯಿಲ್ ದಪ್ಪ, ಗಂಧಕದ ಕೆಟ್ಟ ವಾಸನೆ. ಎಂಜಿನ್ ಆಯಿಲ್ ಕಪ್ಪು, ತೆಳು. ಬ್ರೇಕ್ ಆಯಿಲ್ ಇವೆರಡಕ್ಕಿಂತ ತೆಳು, ನೀರು ಹಾಕಿದರೆ ಕರಗಿ ಹೋಗುತ್ತದೆ, ಉಳಿದ ಎರಡೂ ಕರಗುವುದಿಲ್ಲ. ಗೇರ್ ಆಯಿಲ್ ಆದರೆ ಹಬ್ ಸೀಲ್. ಬ್ರೇಕ್ ಆಯಿಲ್ ಆದರೆ ವೀಲ್ ಸಿಲಿಂಡರ್. ಎರಡರಲ್ಲಿ ಯಾವುದಾದರೂ ಸರಿ, ನೆಂದ ಲೈನರನ್ನು ಪೆಟ್ರೋಲಲ್ಲಿ ತೊಳೆದು ವಾಪಸ್ ಹಾಕುವ ಬುದ್ಧಿವಂತಿಕೆ ಬೇಡ. ಹೊಸದು ಹಾಕು.

ಎರಡನೆಯದು ಬ್ರೀದರ್. ಹೊಸ ಸೀಲ್ ತರುವ ಮೊದಲು ಇದನ್ನು ನೋಡದವನು ಮೆಕ್ಯಾನಿಕ್ಕೇ ಅಲ್ಲ. ಆಕ್ಸೆಲ್ ಹೌಸಿಂಗ್ ಮೇಲೆ ಚಿಕ್ಕ ಬ್ರೀದರ್ ಇರುತ್ತದೆ. ನಮ್ಮ ಕೆಂಪು ಮಣ್ಣು ಅದರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಓಡಿ ಬಿಸಿಯಾದಾಗ ಒಳಗಿನ ಗಾಳಿಗೆ ಹೊರಗೆ ದಾರಿ ಇಲ್ಲ, ಸೀಲ್ ಕಡೆಯಿಂದ ಆಯಿಲನ್ನು ತಳ್ಳುತ್ತದೆ. ಎಂಜಿನ್‌ಗೂ ಹಾಗೆಯೇ. ಕ್ರ್ಯಾಂಕ್ ಕೇಸಿನ ಹೊಗೆ ಎಳೆದುಕೊಳ್ಳಲು ಇನ್ಲೆಟ್ ಮ್ಯಾನಿಫೋಲ್ಡಿಗೆ ಒಂದು ವಾಲ್ವ್ ಇದೆ. ಅದನ್ನು ಬಿಚ್ಚಿ ತೊಳೆ. ಆಮೇಲೆ ಎಂಜಿನ್ ಐಡಲಿಂಗಿನಲ್ಲಿ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಗೆ ಒಂದು ಕಾಗದ ಇಡು. ಒಳಗೆ ಎಳೆದುಕೊಂಡರೆ ಸರಿ. ಒಲೆ ಚಿಮಣಿ ಹಾಗೆ ಹೊರಗೆ ಊದಿದರೆ ವಾಲ್ವ್ ಕಟ್ಟಿದೆ, ಇಲ್ಲ ಪಿಸ್ಟನ್ ರಿಂಗ್ ಸವೆದಿದೆ. ರಿಂಗ್ ಹೋದ ಎಂಜಿನ್‌ಗೆ ಎಷ್ಟು ಸೀಲ್ ಹಾಕಿದರೂ ದುಡ್ಡು ದಂಡ.

ಬೆಲ್ ಹೌಸಿಂಗ್ ತೂತಿಗೆ ಬಿರಡೆ ಹಾಕಿ ಸೋರಿಕೆ ನಿಲ್ಲಿಸಲು ಹೋಗಬೇಡ. ಆ ಬಿರಡೆ ಹೊಳೆ ದಾಟುವಾಗ ಮಾತ್ರ. ಹಾಕಿಯೇ ಇಟ್ಟರೆ ಒಳಗೆ ಆಯಿಲ್ ತುಂಬಿ ಕ್ಲಚ್ ಪ್ಲೇಟ್ ನೆನೆಯುತ್ತದೆ.

ಗೋಣಿಕೊಪ್ಪ, ಲೇತ್ ಕೆಲಸದವರು

ಆ ತೂತಿನಿಂದ ಬರುವ ಆಯಿಲ್ ಮೂರು ಕಡೆಯದ್ದು ಆಗಿರಬಹುದು. ಕ್ರ್ಯಾಂಕಿನ ಹಿಂದಿನ ಸೀಲ್, ಕ್ಯಾಮ್‌ಶಾಫ್ಟಿನ ಹಿಂದೆ ಬ್ಲಾಕಿಗೆ ಹೊಡೆದಿರುವ ತಗಡಿನ ಪ್ಲಗ್, ಅಥವಾ ಗೇರ್ ಬಾಕ್ಸಿನ ಮುಂದಿನ ಬೇರಿಂಗ್. ಮೂರನೆಯದನ್ನು ವಾಸನೆಯಲ್ಲೇ ಹಿಡಿಯಬಹುದು.

ಸೀಲೇ ಹೋಗಿದ್ದರೆ, ಒಳಗೆ ಇರುವುದು ಹಗ್ಗದ ಸೀಲಾ ರಬ್ಬರಿನದಾ ನೋಡಿ. ಹಗ್ಗದ್ದರ ಮೇಲಿನ ಅರ್ಧ ಬದಲಿಸಲು ಕ್ರ್ಯಾಂಕ್ ತೆಗೆಯಲೇಬೇಕು. ಎರಡು ತುಂಡಿನ ರಬ್ಬರ್ ಸೀಲ್ ಆದರೆ ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಇಳಿಸಿ, ಹಿಂದಿನ ಬೇರಿಂಗ್ ಕ್ಯಾಪ್ ಬಿಚ್ಚಿ, ಮೇಲಿನ ಅರ್ಧವನ್ನು ಆಯಿಲ್ ಸವರಿ ಸುತ್ತ ಜಾರಿಸಬಹುದು. ತಾಳ್ಮೆ ಬೇಕು ಅಷ್ಟೇ. ಆದರೆ ಹೆಚ್ಚಿನವರು ಮರೆಯುವುದು ಕ್ಯಾಪಿನ ಎರಡೂ ಪಕ್ಕದ ತೂತಿಗೆ ಹಾಕುವ ರಬ್ಬರ್ ಕಡ್ಡಿ. ಅದು ಸುಮಾರು ಕಾಲು ಇಂಚು ಹೊರಗೆ ಉಳಿಯಬೇಕು. ಚೇಂಬರ್ ಬಿಗಿ ಮಾಡಿದಾಗ ಅದು ಒತ್ತಿಕೊಂಡು ಸಂದು ಮುಚ್ಚುತ್ತದೆ. ಚೊಕ್ಕವಾಗಿ ಕಾಣಲಿ ಅಂತ ಬ್ಲೇಡಿನಲ್ಲಿ ಸಮ ಕತ್ತರಿಸಿದವರನ್ನು ನೋಡಿದ್ದೇನೆ. ಅವರ ಜೀಪ್ ಇನ್ನೂ ಸೋರುತ್ತಿದೆ.

ಚೇಂಬರಿನ ಕಾರ್ಕ್ ಪ್ಯಾಕಿಂಗ್‌ಗೆ ಸ್ಪ್ಯಾನರ್ ಹಾಕಿ ಜಗ್ಗಬೇಡಿ, ಕಾರ್ಕ್ ಹೊರಗೆ ಹಿಂಡಿಕೊಂಡು ಬರುತ್ತದೆ. ಹಿಂದೆ ಯಾರೋ ಜಗ್ಗಿದ್ದರಿಂದ ಬೋಲ್ಟ್ ತೂತಿನ ಸುತ್ತ ತಗಡು ಉಬ್ಬಿರುತ್ತದೆ. ಮರದ ತುಂಡು ಕೊಟ್ಟು ಸುತ್ತಿಗೆಯಲ್ಲಿ ಮಟ್ಟ ಮಾಡಿ. ಸಿಲಿಕಾನ್ ಪೇಸ್ಟ್ ತೆಳುವಾಗಿ ಸಾಕು. ಕೇಕಿನ ಕ್ರೀಮ್ ಹಾಗೆ ಹಚ್ಚಿದರೆ ಒಳಗೆ ಉದುರಿದ್ದು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ.

ನನ್ನ ಹತ್ತಿರ ಜಾಸ್ತಿ ಬರುವುದು ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂದಿನ ಸೀಲ್. ಎಂಬಿಯ ಹ್ಯಾಂಡ್ ಬ್ರೇಕ್ ಡ್ರಮ್ ಅಲ್ಲೇ ಇದೆ ಅಲ್ವಾ, ಸೀಲ್ ಸೋರಿದರೆ ಹ್ಯಾಂಡ್ ಬ್ರೇಕಿಗೇ ಆಯಿಲ್. ಹೊಸ ಸೀಲ್ ಹಾಕಿದರೂ ಸೋರುತ್ತದೆ ಅಂತ ಬರುತ್ತಾರೆ. ಸೀಲ್ ಉಜ್ಜುವ ಜಾಗಕ್ಕೆ ಉಗುರು ತಾಗಿಸಿ ನೋಡಿ, ಗೆರೆ ಸಿಕ್ಕಿದರೆ ಹೊಸ ಸೀಲೂ ಅದೇ ಗೆರೆಯಲ್ಲೇ ಓಡುತ್ತದೆ. ತೆಳು ಸ್ಟೀಲ್ ಸ್ಲೀವ್ ಹೊಡೆಯಬೇಕು, ಇಲ್ಲ ಸೀಲನ್ನು ಸ್ವಲ್ಪ ಹೊರಗೆ ಕೂರಿಸಬೇಕು. ಶಾಫ್ಟಿನ ಹಲ್ಲುಗಳ ಸಂದಿನಿಂದಲೂ ಆಯಿಲ್ ಬರುತ್ತದೆ, ನಟ್ ಹಾಕುವ ಮೊದಲು ಅಲ್ಲಿಗೆ ಸ್ವಲ್ಪ ಪೇಸ್ಟ್.

ಸಾಮಾನು ತರುವಾಗ ಜೋಪಾನ. ಅಂಗಡಿಯಲ್ಲಿ ಮಹೀಂದ್ರಾ ಜೀಪಿನದ್ದು ಕೊಟ್ಟು "ಎಲ್ಲ ಒಂದೇ" ಅನ್ನುತ್ತಾರೆ. ಎಂಜಿನ್‌ನ ಕೆಳಗಿನ ಅರ್ಧಕ್ಕೆ ಆ ಮಾತು ಹೆಚ್ಚೂಕಡಿಮೆ ಸರಿ. ಗೇರ್ ಬಾಕ್ಸ್ ಬೇರೆ, ನಿಮ್ಮದು ಟಿ-84. ಟ್ರಾನ್ಸ್‌ಫರ್ ಕೇಸಿನ ನಡುವಿನ ಶಾಫ್ಟ್ ಎಂಬಿಯಲ್ಲಿ ಮುಕ್ಕಾಲು ಇಂಚು, ಆಮೇಲಿನ ಜೀಪುಗಳಲ್ಲಿ ಅದಕ್ಕಿಂತ ದಪ್ಪ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಮಂದಲಪಟ್ಟಿಗೆ ಜೀಪ್ ಓಡಿಸುವವರು

ಎಲ್ಲರೂ ದೊಡ್ಡ ವಿಷಯ ಹೇಳಿದ್ದಾರೆ, ನನ್ನದು ಸಣ್ಣದು. ಶೆಡ್ ಇಳಿಜಾರಾಗಿದೆಯಾ? ಮೂತಿ ಮೇಲಾಗಿ ನಿಲ್ಲಿಸಿದರೆ ಆಯಿಲ್ ಎಲ್ಲ ಹಿಂದಕ್ಕೆ ಸೇರುತ್ತದೆ, ಹಿಂದಿನ ಸೀಲಿನಿಂದ ಸೋರುತ್ತದೆ. ಮಟ್ಟಕ್ಕೆ ನಿಲ್ಲಿಸಿ ನೋಡಿ. ಮಳೆಗಾಲದಲ್ಲಿ ಸುಮ್ನೆ ಮೂರು ತಿಂಗಳು ಇಡಬೇಡಿ, ವಾರಕ್ಕೊಮ್ಮೆ ಅಂಗಳದಲ್ಲಾದರೂ ನಾಲ್ಕು ಸುತ್ತು ಓಡಿಸಿ. ರಬ್ಬರ್ ಒಣಗಿ ಅಂಟಿಕೊಳ್ಳುವುದಿಲ್ಲ. ಅಡಿಗೆ ದೊಡ್ಡ ರಟ್ಟು ಹಾಸಿ ಚಕ್ರದ ಜಾಗ ಗುರುತು ಮಾಡಿ, ಬೆಳಿಗ್ಗೆ ಯಾವ ತೊಟ್ಟು ಯಾವುದರ ಕೆಳಗೆ ಅಂತ ಗೊತ್ತಾಗುತ್ತದೆ.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಸೋಮವಾರಪೇಟೆ ಸರ್ ಹೇಳಿದಂತೆ ಮೊದಲು ಡ್ರಮ್ ಬಿಚ್ಚಿದೆ. ಬೆರಳಿಗೆ ನೀರು ಹಾಕಿದ ತಕ್ಷಣ ಕರಗಿತು. ವೀಲ್ ಸಿಲಿಂಡರ್! ನಾನು ಒಂದು ವರ್ಷದಿಂದ ಅದನ್ನು ಗೇರ್ ಆಯಿಲ್ ಅಂದುಕೊಂಡಿದ್ದೆ. ಹಿಂದಿನ ಎರಡೂ ಕಡೆ ಸಿಲಿಂಡರ್, ಲೈನರ್ ಹೊಸದಾಯಿತು.

ಕ್ರ್ಯಾಂಕ್ ಕೇಸಿನ ವಾಲ್ವ್ ಪೂರ್ತಿ ಕಟ್ಟಿತ್ತು. ಕಾಗದ ಹಾರಿ ಹೋಯಿತು. ತೊಳೆದು ಹಾಕಿದ ಮೇಲೆ ಎಳೆದುಕೊಳ್ಳುತ್ತಿದೆ. ಅಷ್ಟಕ್ಕೇ ಬೆಲ್ ಹೌಸಿಂಗ್ ತೊಟ್ಟು ಅರ್ಧಕ್ಕರ್ಧ ಇಳಿಯಿತು. ಪೌಡರ್ ಹಾಕಿ ನೋಡಿದಾಗ ವಾಲ್ವ್ ಚೇಂಬರಿನ ಹಿಂದಿನ ಮೂಲೆ ಒದ್ದೆ, ವಿರಾಜಪೇಟೆಯವರು ಹೇಳಿದ ಅದೇ ಮೂಲೆ. ಪ್ಯಾಕಿಂಗ್ ಬದಲಿಸಲು ಒಂದು ಭಾನುವಾರ ಮತ್ತು ಎರಡು ಬೆರಳಿನ ಚರ್ಮ ಹೋಯಿತು.

ಈಗ ರಾತ್ರಿಗೆ ರಟ್ಟಿನ ಮೇಲೆ ಮೂರು ತೊಟ್ಟು. ವಾಸನೆ ಗೇರ್ ಆಯಿಲಿನದು, ಟ್ರಾನ್ಸ್‌ಫರ್ ಕೇಸಿನ ಹಿಂಭಾಗ. ಅದನ್ನು ಕುಯ್ಲು ಮುಗಿದ ಮೇಲೆ ಗೋಣಿಕೊಪ್ಪಕ್ಕೆ ತರುತ್ತೇನೆ, ಹಳೇ ಸೀಲ್ ಕೈಯಲ್ಲಿ ಹಿಡಿದುಕೊಂಡೇ. ಅಲ್ಲಿವರೆಗೆ ಅಡಿಗೆ ಹಳೇ ಬೇಕರಿ ಟ್ರೇ ಇಟ್ಟಿದ್ದೇನೆ. ಅಪ್ಪ ಟ್ರೇ ನೋಡಿ ಏನೂ ಹೇಳಲಿಲ್ಲ. ಜೀಪ್ ಶೆಡ್ಡಿನಲ್ಲೇ ಇದೆ.